ಕರಿ ಪರದೆಯ ಮೇಲೆ ಹದಿನಾರು

ನಮ್ಮೂರಿನ ಹೆಸರು ಹದಿನಾರು. ನಂಜನಗೂಡು ತಾಲ್ಲೂಕಿಗೆ ಸೇರಿದ ಊರು. ತಿರುಮಕೂಡಲು ನರಸೀಪುರವೂ ದೂರವಿಲ್ಲ. ಚಳಿಗಾಲದಲ್ಲಿ ನಮ್ಮ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿ ಹಕ್ಕಿ ನೋಡುವವರಿಗೆ ಈ ಊರು ಗೊತ್ತು. ಯದುರಾಯರ ಕತೆಯಿಂದಾಗಿ ಚರಿತ್ರೆ ಓದಿದವರಿಗೆ ಗೊತ್ತು. ಬಾಯಲ್ಲಿ ಹೇಳಿದರೆ ಹ, ದಿ, ನಾ, ರು ಎಂದು ನಾಲ್ಕೇ ಅಕ್ಷರ. ಲಿನಕ್ಸ್ ಟರ್ಮಿನಲ್ಲಿನಲ್ಲಿ ಡಬ್ಲ್ಯುಸಿ ಎಂಬ ಆದೇಶಕ್ಕೆ ಈ ಹೆಸರು ಕೊಟ್ಟು ‘ಅಕ್ಷರ ಎಣಿಸು’ ಅಂದರೆ 7 ಅನ್ನುತ್ತೆ. ‘ಬೈಟ್ ಎಣಿಸು’ ಅಂದರೆ 21. ನಾನು ಡಿಟಿಪಿ ಅಂಗಡಿಯಲ್ಲಿ ಕೂತಿದ್ದ ಕಾಲದ, ನುಡಿ ತಂತ್ರಾಂಶದ ಫೈಲೊಂದನ್ನು ತೆಗೆದು ಎಣಿಸಿದರೆ 8.

ನಾಲ್ಕು ಲೆಕ್ಕವೂ ಸರಿಯೇ. ಕನ್ನಡದ ಬರಹ ಕಂಪ್ಯೂಟರಿನ ಒಳಗೆ ಹೋದ ಒಂದೊಂದು ದಾರಿಗೂ ಒಂದೊಂದು ಲೆಕ್ಕ. ಆ ದಾರಿಗಳ ಚರಿತ್ರೆ ತಿಳಿಯದೆ ಕಮ್ಯಾಂಡ್ ಲೈನಿನಲ್ಲಿ ಕನ್ನಡದ ಕೆಲಸ ಮಾಡಲು ಹೊರಟವನು ಲಿನಕ್ಸಿನಲ್ಲಿ ಎಷ್ಟೇ ಪಳಗಿದ್ದರೂ ಅಲ್ಲಲ್ಲಿ ಮುಗ್ಗರಿಸುತ್ತಾನೆ. ನಂಜನಗೂಡು, ನರಸೀಪುರ ಸೀಮೆಯ ಶಾಸನಪಾಠಗಳನ್ನು ಟೈಪು ಮಾಡಿ ಇಟ್ಟುಕೊಂಡು ಟರ್ಮಿನಲ್ಲಿನಲ್ಲೇ ಹುಡುಕುವವನು ನಾನು. ಈ ಬರಹ ಆ ಕೆಲಸದ ಅನುಭವದ ಮೇಲೆ ನಿಂತದ್ದು.

ಕಮ್ಯಾಂಡ್ ಲೈನ್ ಅಂದರೆ ಎಂಜಿನಿಯರುಗಳ ವಿಷಯ, ಕನ್ನಡ ಓದಿಕೊಂಡವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅದು ಬೆಳೆದದ್ದೇ ಬರಹದ ಚಾಕರಿ ಮಾಡುತ್ತಾ. 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ಕಟ್ಟಲು ತೊಡಗಿದರು. 1971ರಲ್ಲಿ ಅದನ್ನು ಕೆಲಸಕ್ಕೆ ಹಚ್ಚಿಕೊಂಡದ್ದು ಅದೇ ಸಂಸ್ಥೆಯ ಪೇಟೆಂಟ್ ವಿಭಾಗ. ಟೈಪಿಸ್ಟರು ಪೇಟೆಂಟ್ ಅರ್ಜಿಗಳನ್ನು ಅದರಲ್ಲಿ ಸಿದ್ಧಪಡಿಸುತ್ತಿದ್ದರು. 1973ರಲ್ಲಿ ಅಲ್ಲಿನವರೇ ಆದ ಡಗ್ ಮೆಕಿಲ್‌ರಾಯ್ ಬಹಳ ದಿನದಿಂದ ಕೇಳುತ್ತಿದ್ದ ಪೈಪು ಬಂತು: ಒಂದು ಆದೇಶ ಕೊಟ್ಟ ಫಲವನ್ನು ಮುಂದಿನ ಆದೇಶ ನೇರವಾಗಿ ತೆಗೆದುಕೊಳ್ಳುವ ಏರ್ಪಾಟು, ನಡುವೆ ಒಂದು ನಿಂತ ಗೆರೆ ಹಾಕಿದರೆ ಸಾಕು.

ಗ್ರೆಪ್ ಹುಟ್ಟಿದ್ದಂತೂ ಚರಿತ್ರೆಯ ಕಾಗದಗಳ ದೆಸೆಯಿಂದ. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಒಂದೇ ಗುಪ್ತನಾಮದಲ್ಲಿ 85 ಪ್ರಬಂಧ ಬರೆದಿದ್ದರು. ಯಾವುದು ಯಾರದ್ದು ಎಂಬ ವಾದ ಮುಗಿದಿರಲಿಲ್ಲ. ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಹಾನ್ ಆ ಪಠ್ಯವನ್ನು ಕಂಪ್ಯೂಟರಿಗೆ ಹಾಕಿ ಪದಬಳಕೆ ನೋಡಹೊರಟರು. ಪಠ್ಯ ದೊಡ್ಡದಾಗಿ ಆಗಿನ ಎಡಿಟರ್ ‘ಈಡಿ’ಯ ನೆನಪಿನಲ್ಲಿ ಹಿಡಿಸಲಿಲ್ಲ. ಥಾಂಪ್ಸನ್ ಆ ಎಡಿಟರಿನಿಂದ ಹುಡುಕುವ ಭಾಗವನ್ನಷ್ಟೇ ಬಿಡಿಸಿ ರಾತ್ರೋರಾತ್ರಿ ಬೇರೆ ಆದೇಶ ಮಾಡಿಕೊಟ್ಟರು. ಅದೇ ಗ್ರೆಪ್. ಸ್ವಲ್ಪ ದಿನದಲ್ಲೇ ಮೆಕ್‌ಮಹಾನ್ ತಾವೇ ಹುಡುಕಿ ಬದಲಿಸುವ ಸೆಡ್ ಬರೆದರು. 1977ರಲ್ಲಿ ಆಕ್ ಬಂತು. ಮುಂದೆ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆಯವರು ಇವನ್ನೆಲ್ಲ ಯಾರು ಬೇಕಾದರೂ ಬಳಸುವ, ತಿದ್ದುವ, ಹಂಚುವ ತಂತ್ರಾಂಶವಾಗಿ ಹೊಸದಾಗಿ ಬರೆದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರ ಕರ್ನೆಲ್ ಸೇರಿ ಲಿನಕ್ಸ್ ಆಯಿತು. ಅನಾಮಧೇಯ ಬರಹದ ಕರ್ತೃವನ್ನು ಪತ್ತೆ ಹಚ್ಚಲು ಹುಟ್ಟಿದ ಆದೇಶವನ್ನೇ ನಾನಿವತ್ತು ಶಾಸನದ ಊರುಗಳನ್ನು ಹುಡುಕಲು ಬಳಸುವುದು.

ಯೂನಿಕ್ಸ್ ಶುರುವಾದ 1969ರಲ್ಲೇ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವೂ ಶುರುವಾಯಿತು. ಆದರೆ ಆ ಕಾಲಕ್ಕೆ ಕನ್ನಡದಲ್ಲಿ ಪದ ಹುಡುಕುವುದೆಂದರೆ ಚೀಟಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಬೆಳೆದದ್ದೇ ಪದಕ್ಕೊಂದು, ಪ್ರಯೋಗಕ್ಕೊಂದು ಚೀಟಿ ಬರೆದು, ಅಕಾರಾದಿಯಾಗಿ ಜೋಡಿಸಿ, ಒಂದೇ ಪದದವನ್ನು ಕಟ್ಟು ಕಟ್ಟಿ. ಇವತ್ತು ಅದಕ್ಕೆ ಸಾರ್ಟ್, ಯೂನಿಕ್ ಎನ್ನುತ್ತೇವೆ. ಕೆಲಸ ಅದೇ, ಕೈ ಬೇರೆ.

ಶಾಸನಗಳಿಗಾದರೆ ಅದಕ್ಕೂ ಹಳೆಯ ಒಂದು ವ್ಯವಸ್ಥೆ ಇತ್ತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 3ನೇ ಸಂಪುಟ 1894ರಲ್ಲಿ ಪ್ರಕಟವಾಯಿತು. ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ಅದರಲ್ಲಿವೆ. 1898ರ 4ನೇ ಸಂಪುಟದಲ್ಲಿ ಯಳಂದೂರು, ಚಾಮರಾಜನಗರ, ಗುಂಡ್ಲುಪೇಟೆ ಬಂದವು. ರೈಸ್ ಪ್ರತಿ ತಾಲ್ಲೂಕಿಗೂ ಎರಡಕ್ಷರದ ಸಂಕೇತ ಕೊಟ್ಟು, ಒಳಗೆ ಒಂದರಿಂದ ಅಂಕಿ ಹಾಕುತ್ತಾ ಹೋದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಪರಿಷ್ಕೃತ ಸಂಪುಟಗಳನ್ನು ತರಲು ತೊಡಗಿದ ಮೇಲೂ ರೈಸ್ ಕೊಟ್ಟ ಸಂಖ್ಯೆ ಸಾಯಲಿಲ್ಲ. ಸಂಶೋಧಕರು ಇಂದಿಗೂ ತಾಲ್ಲೂಕು ಸಂಕೇತ, ಅಂಕಿ, ಸಾಲು ಎಂದೇ ಉಲ್ಲೇಖ ಕೊಡುತ್ತಾರೆ.

ನಾನು ಫೈಲುಗಳಿಗೆ ಹೆಸರಿಟ್ಟದ್ದು ಆ ಪದ್ಧತಿಯಲ್ಲೇ. ಒಂದು ಶಾಸನಕ್ಕೆ ಒಂದು ಫೈಲು. ಹೆಸರು ತಾಲ್ಲೂಕಿನ ಸಂಕೇತ, ನಡುವೆ ಅಡ್ಡಗೆರೆ, ಆಮೇಲೆ ಅಂಕಿ. ಫೈಲಿನ ಒಂದು ಸಾಲು ಅಂದರೆ ಕಲ್ಲಿನ ಒಂದು ಸಾಲು. ಶೀರ್ಷಿಕೆ, ಟಿಪ್ಪಣಿ ಯಾವುದನ್ನೂ ಆ ಫೈಲಿನಲ್ಲಿ ಸೇರಿಸುವುದಿಲ್ಲ, ಅದಕ್ಕೆ ಬೇರೆ ಫೈಲು. ಈ ಕಟ್ಟುನಿಟ್ಟಿನಿಂದ ಒಂದು ಲಾಭ ಪುಕ್ಕಟೆಯಾಗಿ ಸಿಗುತ್ತೆ: ಗ್ರೆಪ್‌ಗೆ ‘ಸಾಲಿನ ಸಂಖ್ಯೆಯನ್ನೂ ಹೇಳು’ ಅಂದರೆ ಅದು ಕೊಡುವ ಉತ್ತರವೇ ಉಲ್ಲೇಖ. ಫೈಲಿನ ಹೆಸರು, ಸಾಲಿನ ಅಂಕಿ, ಸಾಲು. ಪ್ರಬಂಧದಲ್ಲಿ ಹಾಗೇ ಅಂಟಿಸಬಹುದು. ಯಾವ ತಾಲ್ಲೂಕಿನ ಎಷ್ಟು ಶಾಸನದಲ್ಲಿ ಒಂದು ಪದ ಬಂದಿದೆ ಎಂದು ತಿಳಿಯಬೇಕೆ? ಗ್ರೆಪ್‌ನಿಂದ ಫೈಲಿನ ಹೆಸರಷ್ಟೇ ಕೇಳಿ, ಅಡ್ಡಗೆರೆಗೆ ಮುಂಚಿನ ಭಾಗವನ್ನು ಕಟ್ ಆದೇಶದಿಂದ ತೆಗೆದು, ಸಾರ್ಟ್ ಮಾಡಿ, ಯೂನಿಕ್‌ಗೆ ‘ಎಣಿಸು’ ಅಂದರೆ ಮುಗಿಯಿತು. 1894ರ ಅಚ್ಚಿನ ಪುಸ್ತಕಕ್ಕೆ ರೈಸ್ ಮಾಡಿಕೊಂಡ ಸಂಖ್ಯಾಪದ್ಧತಿ ಪೈಪಿಗೆ ಹೇಳಿ ಮಾಡಿಸಿದ ಹಾಗಿದೆ.

ಇಷ್ಟು ಸಲೀಸಾಗಿ ಹೇಳುವ ಸ್ಥಿತಿ ಇಪ್ಪತ್ತೈದು ವರ್ಷದ ಹಿಂದೆ ಇರಲಿಲ್ಲ. ಆಗ ನಾನು ನಂಜನಗೂಡಿನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ತಿಥಿ ಕಾರ್ಡು, ದೊಡ್ಡಜಾತ್ರೆಯ ಕರಪತ್ರ ಕಂಪೋಸು ಮಾಡುತ್ತಿದ್ದೆ. ಕನ್ನಡಕ್ಕೆ ಸರ್ಕಾರಿ ಮಟ್ಟದ ಇಸ್ಕಿ ಸಂಕೇತ 1988ರಲ್ಲಿ ಬಂದು 1991ರಲ್ಲಿ ಭಾರತೀಯ ಮಾನಕವಾಗಿತ್ತು. ಪುಣೆಯ ಸಿಡ್ಯಾಕ್‌ನವರ ಜಿಸ್ಟ್ ಕಾರ್ಡು ಹಾಕಿದರೆ ಡಾಸ್‌ನಲ್ಲೂ ಕನ್ನಡ ಮೂಡುತ್ತಿತ್ತು. ಆದರೆ ಅಚ್ಚಿನ ಅಂಗಡಿಗಳಿಗೆ ಬೇಕಿದ್ದದ್ದು ಪೇಜ್‌ಮೇಕರಿನಲ್ಲಿ ಚೆನ್ನಾಗಿ ಕಾಣುವ ಅಕ್ಷರ. ಅದಕ್ಕೆ ಫಾಂಟು ಮಾಡುವವರು ಒಂದು ಉಪಾಯ ಮಾಡಿದ್ದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿಬಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಪುಕ್ಕಟೆಯಾಗಿ ಸಿಗತೊಡಗಿ, ಹೋಬಳಿ ಮಟ್ಟದ ಅಂಗಡಿಯವರೆಗೂ ಕನ್ನಡ ಟೈಪಿಂಗ್ ಬಂತು. ಆ ಉಪಕಾರ ಸಣ್ಣದಲ್ಲ.

ನುಡಿಯ ಹಳೆ ಫೈಲಿನೊಳಗೆ ಏನಿದೆ ಎಂದು ನನಗೆ ಕಾಣಿಸಿದ್ದು ಲಿನಕ್ಸ್. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಹಾಕಿಕೊಂಡ ಲಿನಕ್ಸಿನಲ್ಲಿ ಆ ಫೈಲು ತೆರೆದರೆ ಟೋಪಿ ಹಾಕಿದ ಎ, ಎರಡು ಚುಕ್ಕಿಯ ಎ, ಪೌಂಡಿನ ಗುರುತು, ಹೀಗೆ ಒಂದು ಸಂತೆ. ಆದರೆ ಆ ಸಂತೆಗೂ ಕ್ರಮವಿತ್ತು. ‘ಹ’ ಅಂದರೆ ಎರಡು ತುಂಡು: ಒಡಲು ಒಂದು, ತಲೆಕಟ್ಟು ಒಂದು. ‘ದಿ’ ಇಡಿಯಾಗಿ ಒಂದೇ ತುಂಡು. ‘ನಾ’ ಎರಡು. ‘ರು’ ಮೂರು: ಒಡಲು, ತಲೆಕಟ್ಟು, ಕೊಂಬು. ಒಟ್ಟು 8. ಇದು ಓದುವ ಕನ್ನಡದ ಲೆಕ್ಕವಲ್ಲ, ಮೊಳೆ ಜೋಡಿಸುವವನ ಲೆಕ್ಕ.

ಜೋಡಿಸುವವನ ಲೆಕ್ಕ ಹುಡುಕುವವನಿಗೆ ಒದಗುವುದಿಲ್ಲ. ‘ಮ’ ಅಕ್ಷರ ನೋಡಿ: ಕಣ್ಣಿಗೆ ಅದು ‘ವ’ದ ಒಡಲಿಗೆ ಬಲಗಡೆ ಒಂದು ಬಾಲ ಸೇರಿದ ಹಾಗಿದೆ. ನುಡಿಯ ಸಂಕೇತದಲ್ಲಿ ಅದು ಇರುವುದೂ ಹಾಗೆಯೇ, ‘ವ’ದ ಒಡಲು, ತಲೆಕಟ್ಟು, ಕೊಂಬು. ಅದರಿಂದ ಅಂಥ ಫೈಲಿನಲ್ಲಿ ‘ನವ’ ಎಂದು ಹುಡುಕಿದರೆ ‘ನಮಗೆ’ ಎಂಬ ಪದವೂ ಸಿಕ್ಕಿಬೀಳುತ್ತೆ. ‘ಧರ್ಮ’ದ ಅರ್ಕಾವತ್ತು ಕಣ್ಣಿಗೆ ‘ಮ’ದ ನಂತರ ಕಾಣುವುದರಿಂದ ಫೈಲಿನಲ್ಲೂ ‘ಮ’ದ ನಂತರವೇ ಕೂತಿರುತ್ತೆ, ಉಚ್ಚಾರಣೆಯಲ್ಲಾದರೆ ಅದು ಮೊದಲು.

ಆ ಫೈಲುಗಳನ್ನು ಈಗ ನಾನು ಯೂನಿಕೋಡಿಗೆ ತರುವುದು ಎರಡು ಹೆಜ್ಜೆಯಲ್ಲಿ. ಮೊದಲು ಐಕಾನ್ವ್ ಆದೇಶದಿಂದ ವಿಂಡೋಸ್ 1252 ಸಂಕೇತವನ್ನು ಯುಟಿಎಫ್-8 ಮಾಡುವುದು. ಆಗ ಆ ಟೋಪಿಯ ಅಕ್ಷರಗಳು ಕೆಡದೆ ಉಳಿಯುತ್ತವೆ. ಆಮೇಲೆ ಸೆಡ್. ಯಾವ ತುಂಡುಗಳು ಸೇರಿದರೆ ಯಾವ ಅಕ್ಷರ ಎಂಬ ನಿಯಮಗಳನ್ನು ಸಾಲಿಗೊಂದರಂತೆ ಬೇರೆ ಫೈಲಿನಲ್ಲಿ ಬರೆದಿಟ್ಟು ಸೆಡ್‌ಗೆ ಕೊಡುತ್ತೇನೆ. ಇಲ್ಲಿ ಗುಟ್ಟೆಲ್ಲ ಇರುವುದು ಕ್ರಮದಲ್ಲಿ. ಉದ್ದದ್ದು ಮೊದಲು, ಗಿಡ್ಡದ್ದು ಆಮೇಲೆ: ‘ಮ’ದ ನಿಯಮ ‘ವ’ದ ನಿಯಮಕ್ಕಿಂತ ಮೇಲಿರಬೇಕು. ತಪ್ಪಿದರೆ ಊರಿನ ಮಾದಪ್ಪಗಳೆಲ್ಲ ವಾದಪ್ಪಗಳಾಗುತ್ತಾರೆ. ಅರ್ಕಾವತ್ತಿನ ನಿಯಮ ಎಲ್ಲಕ್ಕಿಂತ ಕೊನೆಗೆ: ಅದರ ಹಿಂದಿನ ಇಡೀ ಗುಣಿತಾಕ್ಷರವನ್ನು ಆವರಣದೊಳಗೆ ಹಿಡಿದುಕೊಂಡು ಅದಕ್ಕೂ ಮೊದಲು ‘ರ್’ ಕೂರಿಸುವುದು. ಇದೇ ಕೆಲಸ ಮಾಡುವ ಪರಿವರ್ತಕಗಳನ್ನು ಕನ್ನಡದ ಮುಕ್ತ ತಂತ್ರಾಂಶದ ಹುಡುಗರು ಮಾಡಿ ಹಂಚಿದ್ದಾರೆ. ವಚನ ಸಂಚಯದಂಥ ಹುಡುಕುತಾಣ ಸಾಧ್ಯವಾದದ್ದೂ ಹಳೆಯ ಸಂಕೇತದ ಪಠ್ಯವನ್ನು ಯೂನಿಕೋಡಿಗೆ ತಂದದ್ದರಿಂದ.

ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆ ಕೊಟ್ಟಿತು. ಜೋಡಣೆ ಇಸ್ಕಿಯ ಕ್ರಮದ್ದು, ಇಸ್ಕಿಯದು ವರ್ಣಮಾಲೆಯ ಕ್ರಮ. ಆದರೆ ಸಂಖ್ಯೆ ಕೊಟ್ಟ ಮಾತ್ರಕ್ಕೆ ಹಳೆಯ ಯೂನಿಕ್ಸ್ ಆದೇಶಗಳಿಗೆ ಕನ್ನಡ ಬಾರದು. ಅವು ಬಲ್ಲದ್ದು ಒಂದೊಂದು ಬೈಟನ್ನು. 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟದ ತಟ್ಟೆಯ ಕೆಳಗಿನ ಕಾಗದದ ಮೇಲೆ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ಗೀಚಿದರು. ಗ್ರೆಪ್ ಬರೆದ ಅದೇ ಥಾಂಪ್ಸನ್. ಅವರ ಯೋಜನೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179, ಮೂರನೆಯದು ಅಕ್ಷರಕ್ಕೆ ತಕ್ಕಂತೆ. ‘ಕ’ ಅಂದರೆ 224, 178, 149. ಮೂರೂ 127ಕ್ಕಿಂತ ಮೇಲಿನವು. ಅಂದರೆ ಕನ್ನಡದ ಯಾವ ಅಕ್ಷರದ ಒಳಗೂ ಖಾಲಿ ಜಾಗ, ಸಾಲಿನ ಕೊನೆ, ಓರೆಗೆರೆ, ಪೈಪಿನ ಗುರುತು ಇವುಗಳ ಬೈಟು ಅಪ್ಪಿತಪ್ಪಿಯೂ ಬರುವುದಿಲ್ಲ. 1970ರ ದಶಕದ ಆದೇಶಗಳು ಏನೂ ಗೊತ್ತಿಲ್ಲದೆಯೇ ಕನ್ನಡವನ್ನು ಕೆಡಿಸದೆ ಆ ಕಡೆ ಸಾಗಿಸತೊಡಗಿದವು. ಹದಿನಾರು 21 ಆದದ್ದು ಹೀಗೆ: ಹ, ದ, ಗುಡಿಸು, ನ, ದೀರ್ಘ, ರ, ಕೊಂಬು ಎಂದು 7 ಸಂಕೇತ, ತಲಾ ಮೂರು.

ಟೈಪು ಮಾಡುವ ದಾರಿ ನಮ್ಮವರದೇ. ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಒತ್ತುವುದು ಅಕ್ಷರವನ್ನು, ತುಂಡನ್ನಲ್ಲ. ಎಫ್ ಕೀಲಿಯಿಂದ ಒತ್ತಕ್ಷರ. ಗಣಕ ಪರಿಷತ್ತು ಅದನ್ನೇ ಹಿಡಿದು ಹರಡಿತು. ಈಗ ಯಾವ ಲಿನಕ್ಸ್ ಹಾಕಿದರೂ ಕೀಲಿಮಣೆಗಳ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಎಂದು ಇದ್ದೇ ಇರುತ್ತದೆ. ಅದೇ ಕಗಪ ಹೆಸರಿನಲ್ಲಿ ಹಿಂದಿ, ಸಂಸ್ಕೃತ, ಮರಾಠಿ, ತೆಲುಗಿನ ವಿನ್ಯಾಸಗಳೂ ಇವೆ. ಫಾಂಟುಗಳಲ್ಲಿ ಲೋಹಿತ್, ಗುಬ್ಬಿ, ನವಿಲು ಡೆಬಿಯನ್ನಿನ ಭಂಡಾರದಲ್ಲೇ ಸಿಗುತ್ತವೆ.

ಟರ್ಮಿನಲ್ಲು ಮಾತ್ರ ಇನ್ನೂ ಪೂರ್ತಿ ಒಗ್ಗಿಲ್ಲ. ಅದು ಹುಟ್ಟಿದ್ದು ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದಲ್ಲಿ. ಒತ್ತು, ದೀರ್ಘ, ಕೊಂಬುಗಳು ಆ ಚೌಕದಲ್ಲಿ ಇಕ್ಕಟ್ಟಾಗಿ ಒಂದರ ಮೇಲೊಂದು ಬೀಳುತ್ತವೆ. ಕೆಡಿಇಯ ಕಾನ್ಸೋಲ್ ವಾಸಿ. ನಾನು ಆದೇಶವನ್ನು ಟರ್ಮಿನಲ್ಲಿನಲ್ಲಿ ಕೊಟ್ಟು ಫಲವನ್ನು ಫೈಲಿಗೆ ತಿರುಗಿಸಿ ಎಡಿಟರಿನಲ್ಲಿ ಓದುತ್ತೇನೆ. ಪರದೆಯಲ್ಲಿ ಕಲಸಿದಂತೆ ಕಂಡರೂ ಫೈಲಿನಲ್ಲಿ ಕೆಟ್ಟಿರುವುದಿಲ್ಲ ಎಂಬ ಧೈರ್ಯ ಇರಬೇಕು, ಅಷ್ಟೇ.

ಈಗ ನಮ್ಮೂರನ್ನೇ ಹುಡುಕೋಣ. ಯದುರಾಯ, ಕೃಷ್ಣರಾಯ ಎಂಬ ಸೋದರರು ದ್ವಾರಕೆಯಿಂದ ಬಂದರು. ಕಾರುಗಹಳ್ಳಿಯ ಮಾರನಾಯಕನ ಕಾಟದಲ್ಲಿದ್ದ ಇಲ್ಲಿನ ರಾಣಿ ಮತ್ತು ರಾಜಕುಮಾರಿಯನ್ನು ಕಾಪಾಡಿದರು. 1399ರಲ್ಲಿ ಯದುರಾಯ ಒಡೆಯರ ವಂಶ ಸ್ಥಾಪಿಸಿದರು ಎಂಬುದು ಮೈಸೂರಿನ ವಂಶಾವಳಿ ಹೇಳುವ ಕತೆ. ಈ ಕತೆಯ ಊರು ಒಂದೊಂದು ಕಡೆ ಒಂದೊಂದು ಹೆಸರಲ್ಲಿ ಬರುತ್ತೆ: ಹದಿನಾರು, ಹದಿನಾಡು, 1810ರಲ್ಲಿ ಮೈಸೂರಿನ ಚರಿತ್ರೆಯ ಪುಸ್ತಕ ಬರೆದ ವಿಲ್ಕ್ಸ್ ಹದನ ಅಂದರು. ಹಳಗನ್ನಡಕ್ಕೆ ಹೋದರೆ ಹಕಾರದ ಜಾಗದಲ್ಲಿ ಪಕಾರ. ಹದಿನಾರು ಸಂಖ್ಯೆಯಾದರೆ ಶಕಟರೇಫದ ಪದಿನಾಱು. ವಿಲ್ಕ್ಸ್ ಹೇಳಿದ ಹದನವೊಂದನ್ನು ಬಿಟ್ಟು ಉಳಿದಷ್ಟನ್ನೂ ಒಂದೇ ಏಟಿಗೆ ಹಿಡಿಯಲು ಗ್ರೆಪ್‌ಗೆ ನಾನು ಕೊಡುವ ವಿನ್ಯಾಸ ಇದು:

[ಪಹ]ದಿನಾ[ಡರಱ]

ಚೌಕಾವರಣದಲ್ಲಿ ಇರುವವುಗಳಲ್ಲಿ ಯಾವುದಾದರೂ ಒಂದು ಎಂದರ್ಥ. ಕೊನೆಯ ಉಕಾರವನ್ನು ಬೇಕೆಂದೇ ಬಿಟ್ಟಿದ್ದೇನೆ. ಹದಿನಾಡ, ಹದಿನಾಡೊಳ್, ಹದಿನಾಡಿನ ಎಂದು ಕನ್ನಡ ಪದದ ಬಾಲ ವಿಭಕ್ತಿಗೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಬಾಲ ಬಿಟ್ಟು ಹುಡುಕಿದವನಿಗೆ ಹೆಚ್ಚು ಸಿಗುತ್ತೆ. ಇಲ್ಲೊಂದು ಗುಂಡಿಯೂ ಇದೆ. ಲಿನಕ್ಸಿನ ಲೊಕೇಲ್, ಅಂದರೆ ಭಾಷೆ ಮತ್ತು ಸಂಕೇತದ ಹೊಂದಿಕೆ, ಯುಟಿಎಫ್-8 ಆಗಿರದೆ ‘ಸಿ’ ಆಗಿದ್ದರೆ ಆವರಣದೊಳಗಿನದು ಅಕ್ಷರ ಅನ್ನಿಸಿಕೊಳ್ಳುವುದಿಲ್ಲ, ಬಿಡಿ ಬೈಟುಗಳಾಗುತ್ತೆ. ಕನ್ನಡದ ಎಲ್ಲ ಅಕ್ಷರದ ಮೊದಲ ಬೈಟು 224 ತಾನೆ? ಆಗ ಹದಿನಾಲ್ಕು ಕೂಡ ಹದಿನಾರರ ಜೊತೆ ಸಾಲಿಗೆ ನಿಲ್ಲುತ್ತದೆ.

ಇನ್ನೊಂದು ತೊಡಕು ಕಲ್ಲಿನದೇ. ಶಾಸನ ಕೆತ್ತಿದವನು ಪದ ಮುಗಿಯಲಿ ಎಂದು ಕಾಯುವುದಿಲ್ಲ. ಕಲ್ಲಿನ ಅಂಚು ಬಂದರೆ ‘ಹದಿ’ ಇಲ್ಲಿ, ‘ನಾಡ’ ಕೆಳಗೆ. ಸಾಲು ಸಾಲಾಗಿ ನೋಡುವ ಗ್ರೆಪ್‌ಗೆ ಅದು ಕಾಣದು. ಅದಕ್ಕೇ ಪ್ರತಿ ಫೈಲಿನ ಸಾಲುಗಳನ್ನೂ ಟಿಆರ್ ಆದೇಶದಿಂದ ಒಂದೇ ಸಾಲಾಗಿ ಹೊಸೆದ ಇನ್ನೊಂದು ಪ್ರತಿ ಇಟ್ಟಿದ್ದೇನೆ. ಮೊದಲು ಹೊಸೆದ ಪ್ರತಿಯಲ್ಲಿ ಯಾವ ಶಾಸನ ಎಂದು ಗೊತ್ತುಮಾಡಿ, ಆಮೇಲೆ ಮೂಲದಲ್ಲಿ ಎಷ್ಟನೇ ಸಾಲು ಎಂದು ನೋಡುವುದು.

ಒಂದು ದಿನ ಹೀಗೇ ಕೂತಿದ್ದಾಗ ದೊಡ್ಡಪ್ಪ ಜಗಲಿ ಹತ್ತಿ ಬಂದರು.

“ಏನ್ಲಾ ಮಗ, ಆ ಕರೀ ಪರ್ದೆ ಮ್ಯಾಲೆ ಅದೇನ್ ಹುಡುಕ್ತಾ ಕುಂತಿದ್ದೀಯೆ?”

“ನಮ್ಮೂರ್ ಹೆಸ್ರು ದೊಡ್ಡಪ್ಪ. ಕಲ್ಲಲ್ಲಿ ಎಲ್ಲೆಲ್ ಅದೆ ಅಂತ.”

“ಸಿಕ್ತಾ?”

“ಸಿಕ್ತಾವೆ. ಆದ್ರೆ ಹದಿನಾರ್ ಹೊನ್ನು, ಹದಿನಾರ್ ಪಾಲು ಅನ್ನೋ ಲೆಕ್ಕಾನೂ ಕೂಡ್ಕಂಡ್ ಬತ್ತವೆ.”

“ಮತ್ತೆ ಬರ್ದೆ ಇರ್ತವಾ? ಊರ್ಯಾವ್ದು ಲೆಕ್ಕ ಯಾವ್ದು ಅಂತ ಅದ್ಕೇನ್ ಗೊತ್ತು? ಓದೋನ್ ನೀನು.”

ದೊಡ್ಡಪ್ಪ ಹೇಳಿದ್ದು ನೂರಕ್ಕೆ ನೂರು ನಿಜ. ಸಂಖ್ಯೆಯಷ್ಟೇ ಅಲ್ಲ, ಯಳಂದೂರಿನ ಪ್ರಭುಗಳ ನಾಡಿಗೂ ಹದಿನಾಡು ಎಂದೇ ಹೆಸರು. ಅದಕ್ಕೂ ನಮ್ಮೂರಿಗೂ ಎಷ್ಟು ನಂಟು ಎಂಬುದು ಇತಿಹಾಸಕಾರರ ಚರ್ಚೆ. ಗ್ರೆಪ್ ಸಾಲು ತಂದು ಮುಂದಿಡುತ್ತದೆ. ಫೈಲಿನ ಹೆಸರಿನಲ್ಲಿರುವ ತಾಲ್ಲೂಕಿನ ಸಂಕೇತ, ಹಿಂದೆ ಮುಂದೆ ಎರಡು ಸಾಲು, ಇವನ್ನಿಟ್ಟುಕೊಂಡು ತೀರ್ಮಾನಿಸಬೇಕಾದವರು ನಾವು.

ಪಠ್ಯದ ಕೊಳೆಯ ವಿಷಯಕ್ಕೆ ಬರುತ್ತೇನೆ. ಪಳಗಿದವರೂ ಸೋಲುವುದು ಇಲ್ಲೇ. ‘ನಂಜನಗೂಡು’ ಮತ್ತು ‘ನ೦ಜನಗೂಡು’, ಎರಡೂ ಕಣ್ಣಿಗೆ ಒಂದೇ. ಎರಡನೆಯದರಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಕೂತಿದೆ. ಯಾರೋ ಅವಸರದಲ್ಲಿ ಒತ್ತಿದ್ದು. ಮೊದಲನೆಯದನ್ನು ಹುಡುಕಿದರೆ ಎರಡನೆಯದು ಸಿಗುವುದಿಲ್ಲ. ಸೆಡ್‌ಗೆ ಹೇಳಬೇಕಾದ್ದು: ಅಕ್ಷರದ ಬೆನ್ನಿಗಿರುವ ಸೊನ್ನೆಯನ್ನು ಅನುಸ್ವಾರ ಮಾಡು, ಅಂಕಿಯ ಬೆನ್ನಿಗಿರುವ ಸೊನ್ನೆಯನ್ನು ಮುಟ್ಟಬೇಡ. ‘ರಾಜ್‌ಕುಮಾರ್’ ಎಂದು ಒತ್ತಿಲ್ಲದೆ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತೆ. ಅದಿಲ್ಲದ ‘ರಾಜ್ಕುಮಾರ್’ ಬೇರೆಯದೇ ಪದ ಅನ್ನಿಸಿಕೊಳ್ಳುತ್ತೆ. ಹುಡುಕುವ ಪ್ರತಿಯಲ್ಲಿ ಆ ಅಗೋಚರ ಸಂಕೇತವನ್ನು ಕಿತ್ತುಹಾಕುವುದು ವಾಸಿ. ‘ಕೊ’ ಎಂಬುದನ್ನು ಕಕಾರಕ್ಕೆ ಒಂದೇ ಒಕಾರ ಚಿಹ್ನೆ ಸೇರಿಸಿ ಬರೆಯಬಹುದು, ಎಕಾರ ಮತ್ತು ಊಕಾರ ಎರಡನ್ನು ಸೇರಿಸಿಯೂ ಬರೆಯಬಹುದು. ನುಡಿಯ ತುಂಡುಗಳಿಂದ ಬಂದ ಫೈಲುಗಳಲ್ಲಿ ಈ ಎರಡನೇ ಬಗೆ ಧಾರಾಳ. ಐಸಿಯು ತಂತ್ರಾಂಶದ ಜೊತೆ ಬರುವ ಯೂಕಾನ್ವ್ ಆದೇಶಕ್ಕೆ ಎನ್ಎಫ್‌ಸಿ ರೂಪಕ್ಕೆ ತಾ ಅಂದರೆ ಎಲ್ಲ ಒಂದೇ ಬಗೆಯಾಗುತ್ತವೆ. ಅದೇ ಯೂಕಾನ್ವ್ ಇಸ್ಕಿ ಫೈಲುಗಳನ್ನೂ ಬಲ್ಲದು.

ಸಾಲು ಹೊಸೆಯಲು ಟಿಆರ್ ಬಳಸಿದೆನಲ್ಲ, ಅದನ್ನು ಪಕಾರವನ್ನು ಹಕಾರ ಮಾಡಲು ಬಳಸಬೇಡಿ. ನನ್ನ ಯಂತ್ರದಲ್ಲಿರುವ ಗ್ನೂ ಟಿಆರ್ ಬೈಟು ಬೈಟಾಗಿ ಬದಲಿಸುವಂಥದ್ದು. ಅದೇ ಬೈಟು ಬೇರೆ ಅಕ್ಷರದಲ್ಲಿದ್ದರೆ ಅದೂ ಕೆಡುತ್ತದೆ. ಆ ಕೆಲಸಕ್ಕೆ ಸೆಡ್‌ನ ವೈ ಆದೇಶ ಇದೆ, ಅದು ಅಕ್ಷರ ಬಲ್ಲದು. ಹಳಗನ್ನಡದ ‘ೞ’ ಇದ್ದರೆ ಸಾರ್ಟ್ ಮೇಲೆ ಒಂದು ಕಣ್ಣಿರಲಿ. ಯೂನಿಕೋಡಿನಲ್ಲಿ ಅದರ ಮನೆ ಹಕಾರ, ಸ್ವರಚಿಹ್ನೆ ಎಲ್ಲ ದಾಟಿ ಆಚೆಗಿದೆ. ಅಧಿಕೃತ ಹೆಸರನ್ನೂ ತಪ್ಪಾಗಿ ‘ಎಫ್ಎ’ ಎಂದು ಇಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬ ನಿಯಮದಿಂದಾಗಿ ಸರಿಯಾದದ್ದನ್ನು ಪರ್ಯಾಯ ಹೆಸರಾಗಿ ಸೇರಿಸಿದ್ದಾರೆ. ಬೈಟಿನ ಕ್ರಮದಲ್ಲಿ ಜೋಡಿಸಿದರೆ ‘ಏೞು’ ಪದ ‘ಏಳು’ವಿನ ಪಕ್ಕಕ್ಕೆ ಬಾರದೆ ಎಲ್ಲೋ ಕೊನೆಗೆ ಹೋಗಿ ಕೂರುತ್ತದೆ.

ಕೊಳೆ ತೊಳೆದ ಮೇಲೆ ಕೆಲಸ ಹಗುರ. 1986ರಲ್ಲಿ ಒಂದು ಪಠ್ಯದಲ್ಲಿ ಹೆಚ್ಚು ಬಾರಿ ಬಂದ ಪದಗಳನ್ನು ಎಣಿಸುವ ಪ್ರೋಗ್ರಾಮ್ ಬರೆಯಲು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರನ್ನು ಕೇಳಿದರು. ಅವರು ಪುಟಗಟ್ಟಲೆ ಸೊಗಸಾಗಿ ಬರೆದುಕೊಟ್ಟರು. ವಿಮರ್ಶೆಗೆ ಕೂತ ಮೆಕಿಲ್‌ರಾಯ್ ಅದನ್ನು ಹೊಗಳಿ, ಅದೇ ಕೆಲಸವನ್ನು ಆರು ಆದೇಶಗಳ ಒಂದು ಪೈಪಿನಲ್ಲಿ ಮಾಡಿ ತೋರಿಸಿದರು. ಅದರಲ್ಲಿ ಎರಡನೆಯದು ದೊಡ್ಡಕ್ಷರವನ್ನು ಚಿಕ್ಕಕ್ಷರ ಮಾಡುವುದು. ಕನ್ನಡದಲ್ಲಿ ಆ ಭೇದವೇ ಇಲ್ಲದ್ದರಿಂದ ನಮಗೆ ಐದೇ ಸಾಕು: ಖಾಲಿ ಜಾಗವನ್ನು ಹೊಸ ಸಾಲಾಗಿಸು, ಜೋಡಿಸು, ಒಂದೇ ಬಗೆಯವನ್ನು ಎಣಿಸು, ಎಣಿಕೆಯ ಪ್ರಕಾರ ಇಳಿಕೆಯಲ್ಲಿ ಜೋಡಿಸು, ಮೊದಲ ಇಪ್ಪತ್ತು ತೋರಿಸು. ಇಲ್ಲಿ ಜೋಡಿಸುವುದು ಎಣಿಕೆಗಾಗಿಯೇ ಹೊರತು ಅಕಾರಾದಿಗಾಗಿ ಅಲ್ಲವಾದ್ದರಿಂದ ಲೊಕೇಲನ್ನು ಆ ಒಂದು ಆದೇಶದ ಮಟ್ಟಿಗೆ ‘ಸಿ’ ಮಾಡಿದರೆ ವೇಗವೂ ಹೆಚ್ಚು, ಬೈಟಿಗೆ ಬೈಟು ತಾಳೆಯೂ ಆಗುತ್ತದೆ. ಗ್ರೆಪ್‌ಗೆ ಕೇಡಾಗಿದ್ದ ಲೊಕೇಲ್ ಇಲ್ಲಿ ಉಪಕಾರಿ.

ತಿದ್ದಿದ್ದಕ್ಕೆಲ್ಲ ಗಿಟ್‌ನಲ್ಲಿ ದಾಖಲೆ ಇಡುತ್ತೇನೆ. ರೈಸ್ ಪಾಠ ಯಾವುದು, ನಂತರದವರ ಪಾಠ ಯಾವುದು ಎಂದು ಪದಪದದ ವ್ಯತ್ಯಾಸ ತೋರಿಸುತ್ತೆ. ಕನ್ನಡ ಹೆಸರಿನ ಫೈಲುಗಳನ್ನು ಅದು 340, 262, 271 ಎಂದು ಅಷ್ಟಮಾನ ಅಂಕಿಗಳಲ್ಲಿ ತೋರಿಸಿದರೆ ಗಾಬರಿ ಬೇಡ, ಅದು ‘ಹ’. ಕೋರ್ ಕೋಟ್‌ಪಾತ್ ಎಂಬ ಹೊಂದಿಕೆಯನ್ನು ಫಾಲ್ಸ್ ಮಾಡಿದರೆ ಕನ್ನಡದಲ್ಲೇ ತೋರಿಸುತ್ತದೆ. ಡಿಟಿಪಿ ಅಂಗಡಿಗಳಿಂದ ಬರುವ ‘ಮದುವೆ ಕಾರ್ಡ್ ಫೈನಲ್ ಹೊಸದು 2’ ಎಂಬಂಥ ಹೆಸರುಗಳ ಮೇಲೆ ಆದೇಶ ಓಡಿಸುವಾಗ ಫೈಂಡ್ ಮತ್ತು ಎಕ್ಸ್‌ಆರ್ಗ್ಸ್ ಎರಡಕ್ಕೂ ಶೂನ್ಯ ಬೈಟಿನಿಂದ ಹೆಸರು ಬೇರ್ಪಡಿಸಲು ಹೇಳಿ. ಇಲ್ಲವಾದರೆ ಒಂದು ಫೈಲು ಐದು ಚೂರಾಗುತ್ತೆ.

ಉಪಕರಣಗಳ ಚರಿತ್ರೆ ಒಂದು ಹಂತಕ್ಕೆ ಮುಟ್ಟಿದೆ. ಮುಟ್ಟದೆ ಉಳಿದದ್ದು ಪಠ್ಯ. ನಂಜನಗೂಡು, ನರಸೀಪುರ, ಮೂಗೂರು, ಬನ್ನೂರಿನ ಡಿಟಿಪಿ ಅಂಗಡಿಗಳ ಅಟ್ಟದಲ್ಲಿ, ಹಳೆ ಹಾರ್ಡ್ ಡಿಸ್ಕುಗಳಲ್ಲಿ ಈ ಸೀಮೆಯ ಮೂವತ್ತು ವರ್ಷದ ಬರಹ ಬಿದ್ದಿದೆ: ದೇವಸ್ಥಾನದ ಜೀರ್ಣೋದ್ಧಾರದ ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ, ವಂಶವೃಕ್ಷ, ಮೇಷ್ಟರೊಬ್ಬರು ಬರೆಸಿದ ಊರ ಚರಿತ್ರೆ. ಅಚ್ಚಾದ ಪ್ರತಿ ಸವೆದಿದೆ, ಫೈಲು ಮಾತ್ರ ಉಳಿದಿದೆ. ಆದರೆ ಒಂದೊಂದು ಕಂಪನಿಯ ಫಾಂಟಿನ ತುಂಡುಗಳ ಜೋಡಣೆ ಒಂದೊಂದು ಬಗೆ. ನುಡಿಗೆ ಬರೆದ ಸೆಡ್ ನಿಯಮ ಇನ್ನೊಂದಕ್ಕೆ ನಡೆಯುವುದಿಲ್ಲ. ಯಾವ ಫಾಂಟು ಎಂದು ಗೊತ್ತಿದ್ದರೆ ಒಂದು ಮಧ್ಯಾಹ್ನದ ಕೆಲಸ. ಗೊತ್ತಿಲ್ಲದಿದ್ದರೆ ಒಂದೊಂದು ತುಂಡನ್ನೂ ಊಹಿಸುತ್ತಾ ಕೂರಬೇಕು.

ಹಾಗಾಗಿ ಅಂಗಡಿ ಮುಚ್ಚುವವರಲ್ಲಿ, ಹಳೆ ಕಂಪ್ಯೂಟರು ಗುಜರಿಗೆ ಹಾಕುವವರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ. ಫೈಲಿನ ಜೊತೆಗೆ ಫಾಂಟಿನ ಫೈಲನ್ನೂ ನಕಲು ಮಾಡಿಡಿ. ಒಂದು ಪುಟ ಮುದ್ರಿಸಿ ಅದರ ಮೇಲೆ ಫಾಂಟಿನ ಹೆಸರು ಬರೆದಿಡಿ. ಮೂಲ ಫೈಲನ್ನು ತಿದ್ದಬೇಡಿ, ಅಳಿಸಬೇಡಿ. ಪರಿವರ್ತಿಸುವವರು ತಮ್ಮ ನಿಯಮಗಳ ಪಟ್ಟಿಯನ್ನು ಫಲದ ಜೊತೆಗೇ ಹಂಚಲಿ. ಅದೇ ಫಾಂಟಿನ ಫೈಲು ಇನ್ನೊಂದು ಊರಿನಲ್ಲಿ ಇನ್ನೊಬ್ಬರ ಕೈಗೆ ಸಿಕ್ಕೇ ಸಿಗುತ್ತದೆ.